ಕೆನಡಾದ ಮೇಟಿ ಬಡವರ ಕನ್ನಡಕಕ್ಕೆ ಹಣ ಕೊಡುವವರು ಯಾರು?

ಬಂಧುಗಳೇ,

ಕೆನಡಾದಲ್ಲಿ ಚಿಕಿತ್ಸೆ ಉಚಿತ ಎಂದು ಊರಿನವರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದು ಅರ್ಧ ಸತ್ಯ. 1984ರ ಕೆನಡಾ ಆರೋಗ್ಯ ಕಾಯ್ದೆ ಮುಖ್ಯವಾಗಿ ಖಾತರಿ ಕೊಡುವುದು ಆಸ್ಪತ್ರೆಯ ಮತ್ತು ವೈದ್ಯರ ಸೇವೆಗೆ. ಅವರು ಬರೆದುಕೊಟ್ಟ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದರೆ ಜೇಬು ತಡಕಬೇಕು. ಹಲ್ಲು, ಕನ್ನಡಕಗಳ ಕತೆಯೂ ಬಹುಮಟ್ಟಿಗೆ ಅದೇ. ಪ್ರಾಂತಗಳ ನೆರವಿನ ಯೋಜನೆಗಳುಂಟು, ಒಂದೊಂದರದು ಒಂದೊಂದು ನಿಯಮ. ನಮ್ಮಲ್ಲಿ ಹಲವರಿಗೆ ಈ ಬಿಸಿ ತಟ್ಟದಿರುವುದು ಕಂಪನಿ ಕೊಟ್ಟ ವಿಮೆಯಿಂದ.

ಮೂಲನಿವಾಸಿಗಳ ಸಂಗತಿ ಬೇರೆ. ಸರ್ಕಾರದ ಪಟ್ಟಿಯಲ್ಲಿ ನೋಂದಾಯಿತರಾದ ಫಸ್ಟ್ ನೇಷನ್ಸ್ ಬುಡಕಟ್ಟುಗಳ ಜನರಿಗೆ ಮತ್ತು ಉತ್ತರದ ಹಿಮನಾಡಿನ ಇನ್ಯೂಟರಿಗೆ ಒಕ್ಕೂಟ ಸರ್ಕಾರವೇ ಔಷಧ, ಹಲ್ಲು, ಕಣ್ಣು, ಆಪ್ತಸಮಾಲೋಚನೆ, ದೂರದ ಆಸ್ಪತ್ರೆಗೆ ಹೋಗಿಬರುವ ಖರ್ಚಿನಲ್ಲಿ ನೆರವಾಗುತ್ತದೆ. ಆದಾಯ ಎಷ್ಟೆಂದು ಕೇಳುವುದಿಲ್ಲ. ಮೂಲನಿವಾಸಿಗಳೂ ಯುರೋಪಿನಿಂದ ಬಂದವರೂ ಬೆರೆತು ಬೆಳೆದ ಸಮುದಾಯವಾದ ಮೇಟಿ ಜನರಿಗೆ ಈ ಸೌಲಭ್ಯ ಇಲ್ಲ. 1982ರ ಸಂವಿಧಾನ ಮೂವರನ್ನೂ ಮೂಲನಿವಾಸಿಗಳೆಂದು ಹೆಸರಿಸಿದೆ. ಮೇಟಿಗಳೂ ಒಕ್ಕೂಟ ಸರ್ಕಾರದ ಅಧಿಕಾರವ್ಯಾಪ್ತಿಗೆ ಬರುತ್ತಾರೆಂದು 2016ರ ಡೇನಿಯಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ಬಂತು, ಔಷಧದ ಬಿಲ್ಲು ಹಾಗೆಯೇ ಉಳಿಯಿತು. 2021ರ ಜನಗಣತಿಯಲ್ಲಿ ತಾವು ಮೇಟಿ ಎಂದವರು 6,24,220 ಮಂದಿ.

ಈ ಕಂದಕವನ್ನು ತುಂಬಲು ಹೊರಟವರು ಮೇಟಿ ಸಂಘಟನೆಗಳು. ಮ್ಯಾನಿಟೋಬಾ ಪ್ರಾಂತದ ಮ್ಯಾನಿಟೋಬಾ ಮೇಟಿ ಫೆಡರೇಷನ್ ಕಡಿಮೆ ಆದಾಯದ ಹಿರಿಯರ ಔಷಧಕ್ಕೆ ನೆರವಾಗುತ್ತದೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೂ ಬಡವರಿಗೆಂದೇ ಮಾಡಿದ ಯೋಜನೆಗಳು ಎಲ್ಲಿ ಎಡವುತ್ತವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಧುಮೇಹ ಇರುವ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳಿ. ದೃಷ್ಟಿ ಮಂಜಾಗಿದೆ, ಕನ್ನಡಕ ಬೇಕು. ಮೊದಲು ಹಣ ಕೊಟ್ಟು ರಸೀದಿ ಕಳಿಸಿ, ಆಮೇಲೆ ಮರಳಿಸುತ್ತೇವೆ ಎನ್ನುವ ಪದ್ಧತಿಯಾದರೆ, ಮೊದಲು ಕೊಡಲು ಆಕೆಯ ಬಳಿ ಹಣವೆಲ್ಲಿದೆ? ಇದ್ದಿದ್ದರೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಇನ್ನು ಬಡತನಕ್ಕೆ ಪುರಾವೆ. ಸಾಮಾನ್ಯವಾಗಿ ಕೇಳುವುದು ತೆರಿಗೆ ಇಲಾಖೆಯ ನಿರ್ಧರಣಾ ಪತ್ರ, ಅಂದರೆ ತೆರಿಗೆ ವಿವರ ಸಲ್ಲಿಸಿದ ಮೇಲೆ ಆದಾಯವನ್ನು ನಮೂದಿಸಿ ಇಲಾಖೆ ಕಳಿಸುವ ಕಾಗದ. ಮೀನು ಹಿಡಿದು, ಹಂಗಾಮಿನ ಕೂಲಿ ಮಾಡಿ ಬದುಕಿದವರಲ್ಲಿ ಎಷ್ಟೋ ಮಂದಿ ತೆರಿಗೆ ವಿವರವನ್ನೇ ಸಲ್ಲಿಸಿರುವುದಿಲ್ಲ. ತೀರಾ ಬಡವರಾದ್ದರಿಂದಲೇ ಅವರ ಬಡತನಕ್ಕೆ ಕಾಗದವಿಲ್ಲ! ಆದಾಯ ಕೇಳದೆ ಕೊಡುವ ಸೌಲಭ್ಯ ಹಕ್ಕಿನಂತೆ ನಡೆಯುತ್ತದೆ. ಕೇಳಿ ಕೊಡುವುದು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಕಚೇರಿಯ ಕಿಟಕಿಯ ಮುಂದೆ ನಿಲ್ಲಿಸುತ್ತದೆ. ಮೇಟಿಗಳಿಗೂ ಮೊದಲನೆಯದೇ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಅದು ಬರುವವರೆಗೆ ಕಾಗದದ ಕೆಲಸ ತಪ್ಪಿದ್ದಲ್ಲ. ಹೊಸ ಕೆನಡಾ ದಂತ ಆರೈಕೆ ಯೋಜನೆಯೂ ಅಷ್ಟೆ: ಕುಟುಂಬದ ಆದಾಯ ವರ್ಷಕ್ಕೆ 90,000 ಡಾಲರಿಗಿಂತ ಕಡಿಮೆ ಇರಬೇಕು, ಖಾಸಗಿ ದಂತ ವಿಮೆ ಇರಬಾರದು, ತೆರಿಗೆ ವಿವರ ಸಲ್ಲಿಸಿರಬೇಕು. ಕಡಿಮೆ ಆದಾಯದವರ ತೆರಿಗೆ ವಿವರವನ್ನು ಉಚಿತವಾಗಿ ತುಂಬಿಕೊಡುವ ಸ್ವಯಂಸೇವಕರ ಶಿಬಿರಗಳು ಪ್ರತಿ ವಸಂತದಲ್ಲಿ ನಡೆಯುತ್ತವೆ. ಈ ಸಭೆಯಲ್ಲಿ ಲೆಕ್ಕಪತ್ರ ಬಲ್ಲವರಿಗೇನೂ ಕೊರತೆಯಿಲ್ಲ. ಮೇಟಿ ಸಮುದಾಯ ಕೇಂದ್ರಗಳ ಶಿಬಿರಗಳಲ್ಲಿ ಎರಡು ಶನಿವಾರ ಕೂರಲು ಒಪ್ಪುವವರು ಚಹಾದ ವೇಳೆಯಲ್ಲಿ ನನ್ನ ಬಳಿ ಹೆಸರು ಬರೆಸಿ.