ಕಾರು, ಕ್ಯಾಸೆಟ್, ರಜೆ

ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಹಳೇ ರಜೆ ವಿಡಿಯೋಗಳು. ಕ್ಯಾಮೆರಾ ಅಲುಗಾಡುತ್ತದೆ, ಬಣ್ಣ ಮಾಸಿದೆ, ಅರ್ಧ ಹೊತ್ತು ಯಾರದ್ದೋ ತಲೆ ಅಡ್ಡ. ಪರವಾಗಿಲ್ಲ, ಇವತ್ತು ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಹಿಂದೆ ಕಾರಿನ ಟೇಪ್ ಓಡುತ್ತಿದೆ, ಕೇಳಿಸ್ತಾ? ಕಾಪಿರೈಟ್ ಕಾಟ ಬೇಡ ಅಂತ ಸೌಂಡ್ ತಗ್ಗಿಸಿದ್ದೇನೆ. ನೀವೇ ಮನಸ್ಸಲ್ಲಿ ಗುನುಗಿಕೊಳ್ಳಿ.

ಇಲ್ಲಿ ಹಿಂದಿನ ಸೀಟಿನಲ್ಲಿ ನಾವೆಲ್ಲ ಕುಣಿಯುತ್ತಿರುವುದು 'ಲಂಬಾಡಾ'ಗೆ. 1989ರಲ್ಲಿ ಕಾವೊಮಾ ಅನ್ನುವ ತಂಡ ಹಾಡಿದ್ದು. ಅಕಾರ್ಡಿಯನ್ ಶುರುವಾದರೆ ಸಾಕು, ಅಜ್ಜಿಯ ಕಾಲೂ ತಾಳ ಹಾಕುತ್ತಿತ್ತು. ಹಾಡಿನ ಮಾತು ಮಾತ್ರ ಅಷ್ಟೇನೂ ಖುಷಿಯದ್ದಲ್ಲ. ಒಂದು ಕಾಲದಲ್ಲಿ ನನ್ನನ್ನು ಅಳಿಸಿದವರು ಈಗ ತಾವೇ ಅಳುತ್ತಾ ಹೊರಟುಹೋದರು, ಅಂತ ಶುರುವಾಗುತ್ತದೆ! ರಾಗ ಕೂಡ ಕಾವೊಮಾದ್ದಲ್ಲ. ಬೊಲಿವಿಯಾದ ಲೋಸ್ ಕಾರ್ಕಾಸ್ ತಂಡ 1981ರಲ್ಲೇ ಅದನ್ನು ಹಾಡಿತ್ತು, ಹಾಗಾಗಿ ವಿಷಯ ಕೋರ್ಟಿಗೂ ಹೋಯಿತು. ಕಾಪಿರೈಟ್ ಕಾಟ ನನಗೊಬ್ಬನಿಗೇ ಅಲ್ಲ ಬಿಡಿ.

ಮುಂದಿನದು ಡಿಸೆಂಬರ್ ರಜೆ, ವ್ಯಾಮ್ ತಂಡದ 'ಲಾಸ್ಟ್ ಕ್ರಿಸ್ಮಸ್'. ಚಳಿಗಾಲದ ಈ ಹಾಡು ರೆಕಾರ್ಡ್ ಆಗಿದ್ದು 1984ರ ಆಗಸ್ಟಿನಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ. ಮೂಡ್ ಬರಲಿ ಅಂತ ಬೇಸಿಗೆಯಲ್ಲೇ ಕ್ರಿಸ್ಮಸ್ ಅಲಂಕಾರ ಮಾಡಿಕೊಂಡಿದ್ದರಂತೆ. ವಾದ್ಯಗಳನ್ನೆಲ್ಲ ತಂಡದ ಗಾಯಕ ಜಾರ್ಜ್ ಮೈಕೆಲ್ ಒಬ್ಬನೇ ನುಡಿಸಿದ. ಆ ವರ್ಷ ಬ್ರಿಟನ್ನಿನಲ್ಲಿ ಅದು ಎರಡನೇ ಸ್ಥಾನದಲ್ಲೇ ನಿಂತಿತು. ಮೊದಲ ಸ್ಥಾನದಲ್ಲಿದ್ದ, ಹಲವು ಗಾಯಕರು ಸೇರಿ ಹಾಡಿದ್ದ ಬ್ಯಾಂಡ್ ಏಡ್ ಹಾಡಿನಲ್ಲಿ ಅವನ ದನಿಯೂ ಇತ್ತು, ಅಂದರೆ ಒಂದು ರೀತಿಯಲ್ಲಿ ತನಗೆ ತಾನೇ ಅಡ್ಡ ಬಂದ. ಕೊನೆಗೆ 2021ರ ಜನವರಿಯಲ್ಲಿ ನಂಬರ್ ಒನ್ ಆದಾಗ ಅವನೇ ಇರಲಿಲ್ಲ. ತೀರಿಕೊಂಡಿದ್ದು 2016ರ ಡಿಸೆಂಬರ್ 25ರಂದು. ಈ ಭಾಗ ಎಡಿಟ್ ಮಾಡುವಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನನ್ನನ್ನು ಕೇಳಿದರೆ ನಿಜವಾದ ರಜೆಯ ಹಾಡು 'ಯೆಸ್ಟರ್ಡೇ'. ನಗಬೇಡಿ! ನಮ್ಮ ಕ್ಯಾಸೆಟ್ಟಿನಲ್ಲಿ ಅದು ಬಂದಾಗಲೆಲ್ಲ ನಾವು ಮಕ್ಕಳು ಮುಂದೆ ಓಡಿಸಿ ಅಂತ ಗಲಾಟೆ ಮಾಡುತ್ತಿದ್ದೆವು, ಅಷ್ಟು ಅಳು ಹಾಡು. ಆದರೆ ಅದರ ಸಾಲುಗಳು ಹುಟ್ಟಿದ್ದೇ ರಜೆಯಲ್ಲಿ, ಅದೂ ಕಾರಿನಲ್ಲಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಒಂದು ಬೆಳಿಗ್ಗೆ ಎದ್ದಾಗ ರಾಗ ತಲೆಯಲ್ಲಿ ಪೂರ್ತಿ ಇತ್ತು. ಇಷ್ಟು ಸುಲಭವಾಗಿ ಸಿಕ್ಕಿದ್ದು ನನ್ನದೇ ಇರಲಿಕ್ಕಿಲ್ಲ ಅಂತ ಅವನಿಗೆ ಅನುಮಾನ, ಸಿಕ್ಕಸಿಕ್ಕವರಿಗೆಲ್ಲ ಹಾಡಿ ತೋರಿಸಿ, ಇದನ್ನು ಎಲ್ಲಾದರೂ ಕೇಳಿದ್ದೀರಾ ಅಂತ ವಿಚಾರಿಸುತ್ತಿದ್ದ. ಮಾತು ಹೊಳೆಯುವವರೆಗೆ ಆ ಜಾಗದಲ್ಲಿ 'ಸ್ಕ್ರಾಂಬಲ್ಡ್ ಎಗ್ಸ್' ಅಂತ ಹಾಡಿಕೊಂಡಿದ್ದ. 1965ರ ಮೇ ತಿಂಗಳಲ್ಲಿ ಪೋರ್ಚುಗಲ್ಲಿಗೆ ಹೋದಾಗ, ಲಿಸ್ಬನ್ನಿನಿಂದ ದಕ್ಷಿಣದ ಕಡಲ ತೀರಕ್ಕೆ ಹೋಗುವ ಉದ್ದದ ದಾರಿಯಲ್ಲಿ, ಕಾರಿನಲ್ಲಿ ಬೇರೇನೂ ಕೆಲಸವಿಲ್ಲದೆ ಕೂತಿದ್ದಾಗ, ಮೊಟ್ಟೆ ಹೋಗಿ 'ಯೆಸ್ಟರ್ಡೇ' ಬಂತು. ಜೂನ್‌ನಲ್ಲಿ ರೆಕಾರ್ಡಿಂಗೂ ಆಯಿತು. ಮೇಳದಲ್ಲಿ ಇದ್ದಿದ್ದು ಅವನ ಗಿಟಾರ್, ನಾಲ್ಕು ತಂತಿವಾದ್ಯ, ಅಷ್ಟೇ. ಬೀಟಲ್ಸ್‌ನ ಉಳಿದ ಮೂವರು ಅದರಲ್ಲಿ ನುಡಿಸಿಲ್ಲ.

ಕುಣಿಸಿದ ಹಾಡಿನೊಳಗೆ ಅಳು, ಅಳಿಸುವ ಹಾಡು ಹುಟ್ಟಿದ್ದು ರಜೆಯ ಕಾರಿನಲ್ಲಿ. ಮಜಾ ಅಲ್ವಾ? ಇದೆಲ್ಲ ಗೊತ್ತಾದ ಮೇಲೆ ಹಳೇ ಖುಷಿ ಕೆಡುತ್ತದೆ ಅಂತ ನನ್ನ ತಂಗಿ ವಾದ ಮಾಡುತ್ತಾಳೆ. ನನಗಂತೂ ಹಾಗನ್ನಿಸಿಲ್ಲ. ಲಂಬಾಡಾ ಬಂದರೆ ಈಗಲೂ ಭುಜ ತಾನಾಗೇ ಅಲ್ಲಾಡುತ್ತದೆ.

ಇನ್ನೊಂದು ಕ್ಯಾಸೆಟ್ ಬಾಕಿ ಇದೆ, ಅದರಲ್ಲಿ 'ಮ್ಯಾಕರೀನಾ' ಕಾಲದ ವಿಡಿಯೋ. ಅದನ್ನು ಹಾಕಲೇಬೇಕು ಅಂತ ತಂಗಿಯ ಹಟ, ಯಾಕಂದ್ರೆ ಅದರಲ್ಲಿ ಕುಣಿಯುತ್ತಿರುವುದು ನಾನೊಬ್ಬನೇ. ಮುಂದಿನ ವಾರ ನೋಡೋಣ.