ಕದಿಯಲಾಗದ ಒಂದು ಫೋಟೊ

(ವಿಶ್ವ ಛಾಯಾಗ್ರಹಣ ದಿನದಂದು ದಾವಣಗೆರೆಯಲ್ಲಿ ಸ್ಟುಡಿಯೋ ಮಿತ್ರರ ಎದುರು ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೂ ಎದುರಿಗೆ ಕುಳಿತಿರುವ ಸ್ಟುಡಿಯೋ ಬಂಧುಗಳಿಗೂ ನಮಸ್ಕಾರ.

‘ಹಳೆಯ ಕ್ಯಾಮೆರಾಗಳ ಬಗ್ಗೆ ಏನಾದರೂ ಹೇಳಿ’ ಎಂದು ನನ್ನನ್ನು ಕರೆದಿದ್ದಾರೆ. ಏನಾದರೂ ಎಂದು ಬಿಟ್ಟರೆ ನಾನು ಊಟದ ಹೊತ್ತು ಮೀರಿದರೂ ಮುಗಿಸುವುದಿಲ್ಲ ಎಂಬುದು ನನ್ನ ಮನೆಯವರಿಗೆ ಗೊತ್ತು. ಹಾಗಾಗಿ ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ. ಆನ್‌ಲೈನ್ ಹರಾಜಿಗೆ ಇಟ್ಟ ಅಪರೂಪದ ಕ್ಯಾಮೆರಾ ನಿಜವಾಗಿ ಮಾರುವವನ ಕೈಯಲ್ಲಿದೆಯೇ? ಇದ್ದರೂ ಅವನು ಹೇಳುತ್ತಿರುವ ಕ್ಯಾಮೆರಾವೇ ಹೌದೇ? ಇದನ್ನು ಕಂಡುಹಿಡಿಯುವ ವಿದ್ಯೆಯನ್ನು ನಾನು ಹನ್ನೊಂದು ಸಾವಿರದ ಐನೂರು ರೂಪಾಯಿ ಶುಲ್ಕ ತೆತ್ತು ಕಲಿತಿದ್ದೇನೆ. ಆ ಕತೆ ಆಮೇಲೆ.

ನಮ್ಮ ಊರಿನವರಿಗೆ ಹರಾಜು ಹೊಸದೇನಲ್ಲ. ಮೆಕ್ಕೆಜೋಳ ಬರುವ ಕಾಲದಲ್ಲಿ ಎಪಿಎಂಸಿ ಅಂಗಳದಲ್ಲಿ ಒಂದು ಗಂಟೆ ನಿಂತು ನೋಡಿ. ಖರೀದಿಗೆ ಬಂದವನು ಯಾರ ಮಾತಿಗೂ ಕಿವಿ ಕೊಡುವುದಿಲ್ಲ. ನೇರವಾಗಿ ರಾಶಿಗೆ ಕೈ ಹಾಕುತ್ತಾನೆ, ತಳದ ಕಾಳು ಎತ್ತಿ ಅಂಗೈ ಮೇಲೆ ಹರಡಿಕೊಳ್ಳುತ್ತಾನೆ, ಒಂದನ್ನು ಹಲ್ಲಿಗೆ ಕೊಟ್ಟು ತೇವ ನೋಡುತ್ತಾನೆ. ಆಮೇಲೆ ಬೆಲೆಯ ಮಾತು. ಆನ್‌ಲೈನ್ ಹರಾಜಿನಲ್ಲಿ ಕೈ ಹಾಕುವುದಕ್ಕೆ ರಾಶಿ ಇಲ್ಲ. ಐದಾರು ಫೋಟೊ, ನಾಲ್ಕು ಸಾಲು ವಿವರ, ಅಷ್ಟೇ. ಆದ್ದರಿಂದ ಫೋಟೊದೊಳಕ್ಕೇ ಕೈ ಹಾಕಬೇಕಾಗುತ್ತದೆ. ಬೆಳಕು ಎಲ್ಲಿಂದ ಬಿದ್ದಿದೆ ಎಂದು ನೋಡಿಯೇ ಹೊಟ್ಟೆ ಹೊರೆದವರು ನಾವು. ಈ ಕೆಲಸ ನಮಗೆ ಬರಬೇಕಿತ್ತು. ನನಗೆ ಬರಲಿಲ್ಲ.

ಇಷ್ಟೊಂದು ಮೋಸ ಯಾಕೆ ಎಂದು ಕೇಳಬಹುದು. ಬೆಲೆ ನೋಡಿ. ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಪರೀಕ್ಷೆಗೆಂದು ಎರಡು ಡಜನ್ ಆಸುಪಾಸು ಕ್ಯಾಮೆರಾಗಳನ್ನು ಮಾಡಿದ್ದರು. ‘ಸೊನ್ನೆ ಸರಣಿ’ ಎನ್ನುತ್ತಾರೆ ಅದಕ್ಕೆ. ಅದರಲ್ಲಿ 105ನೇ ಸಂಖ್ಯೆಯದು ಲೈಕಾವನ್ನು ರೂಪಿಸಿದ ಓಸ್ಕರ್ ಬಾರ್ನಾಕ್ ಅವರ ಸ್ವಂತದ್ದು. 2022ರಲ್ಲಿ ವೆಟ್ಸ್‌ಲಾರ್ ಊರಿನ ಹರಾಜಿನಲ್ಲಿ ಅದು 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ ದಾಟುತ್ತದೆ. ಇಂಥ ಸುದ್ದಿ ಬಂದ ಮೇಲೆ ಅಟ್ಟದ ಮೇಲಿನ ಪ್ರತಿ ಡಬ್ಬಿಯೂ ‘ಅಪರೂಪದ್ದು’ ಆಗಿಬಿಡುತ್ತದೆ. ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್ ಥ್ರೀಗೆ ಇಪ್ಪತ್ತೈದು ಸಾವಿರ ಹೇಳಿದವನನ್ನು ನಾನೇ ನೋಡಿದ್ದೇನೆ. ಅದು ಮೋಸವಲ್ಲ, ಬರೀ ಆಸೆ. ಅವನ ಪಾಡಿಗೆ ಬಿಡೋಣ.

ಈಗ ನನ್ನ ಕತೆ. ಮಂಡಿಪೇಟೆಯ ಸ್ಟುಡಿಯೋ ಒಂದರಲ್ಲಿ ನಾನು ರೋಲ್ ತೊಳೆಯುವ ಹುಡುಗನಾಗಿ ಸೇರಿದೆ. ಅಲ್ಲಿನ ಯಜಮಾನರ ಬಳಿ ರೋಲಿಫ್ಲೆಕ್ಸ್ ಎಂಬ ಎರಡು ಲೆನ್ಸಿನ ಜರ್ಮನ್ ಕ್ಯಾಮೆರಾ ಇತ್ತು. ಮಲ್ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಿದ್ದರು. ಹತ್ತು ವರ್ಷ ಅವರ ಜೊತೆಗಿದ್ದರೂ ನಾನು ಅದನ್ನು ಮುಟ್ಟಿದ್ದು ಎರಡೇ ಸಲ. ಹಾಗಾಗಿ ನಾಲ್ಕು ವರ್ಷದ ಹಿಂದೆ ಒಂದು ಹರಾಜಿನಲ್ಲಿ ರೋಲಿಫ್ಲೆಕ್ಸ್ 2.8 ಎಫ್ ನಲವತ್ತಾರು ಸಾವಿರಕ್ಕೆ ಕಂಡಾಗ ನನ್ನ ಬುದ್ಧಿ ಬೀರು ಸೇರಿಕೊಂಡಿತು. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದು ಲಕ್ಷ ದಾಟುವ ಮಾಲು. ಮಾರುವವನು ಬರೆದಿದ್ದ: ‘ತಂದೆಯವರು ತೀರಿಕೊಂಡರು. ನನಗೆ ಕ್ಯಾಮೆರಾ ಬಗ್ಗೆ ಏನೂ ಗೊತ್ತಿಲ್ಲ.’ ಏನೂ ಗೊತ್ತಿಲ್ಲದವನು ಅದೇ ವಿವರದಲ್ಲಿ ‘ಪ್ಲಾನಾರ್ ಲೆನ್ಸ್, ಮೀಟರ್ ಸರಿಯಾಗಿದೆ, ನಿಧಾನ ವೇಗಗಳು ನಿಖರ’ ಎಂದೂ ಬರೆದಿದ್ದ. ಆ ಎರಡು ಮಾತು ಒಂದೇ ಬಾಯಿಂದ ಬರಲಾರವು ಎಂದು ನನಗೆ ಹೊಳೆಯಬೇಕಿತ್ತು.

ಸಂಜೆ ಮೊಬೈಲಿಗೆ ಸಂದೇಶ ಬಂತು. ‘ಹರಾಜು ಮುಗಿಯುವವರೆಗೆ ಕಾಯಬೇಡಿ ಸರ್, ಇನ್ನಿಬ್ಬರು ಕೇಳುತ್ತಿದ್ದಾರೆ, ನಿಮ್ಮಂಥ ಹಿರಿಯರಿಗೆ ಹೋದರೆ ತಂದೆಯವರ ಆತ್ಮಕ್ಕೆ ಸಮಾಧಾನ.’ ಮುಂಗಡ ಹತ್ತು ಸಾವಿರ ಕಳುಹಿಸಿದೆ. ಮರುದಿನ ಪ್ಯಾಕಿಂಗಿಗೂ ವಿಮೆಗೂ ಎಂದು ಒಂದೂವರೆ ಸಾವಿರ ಕೇಳಿದ, ಅದನ್ನೂ ಕಳುಹಿಸಿದೆ. ಅದರ ಮರುದಿನದಿಂದ ಫೋನ್ ಸ್ವಿಚ್ ಆಫ್.

ಆ ರಾತ್ರಿ ತಮ್ಮನ ಮಗನ ಕಂಪ್ಯೂಟರಿನಲ್ಲಿ ಅದೇ ಐದು ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲನೆಯ ಫೋಟೊದ ಲೆನ್ಸಿನಲ್ಲಿ ನಾಲ್ಕು ಚೌಕದ ಕಿಟಕಿಯ ಬಿಂಬ, ಪಕ್ಕದಲ್ಲಿ ಯಾರದೋ ಹೆಗಲು. ಮೂರನೆಯದರಲ್ಲಿ ಬಳೆಯಂಥ ದುಂಡು ದೀಪ. ಒಂದರಲ್ಲಿ ಸಾಗುವಾನಿ ಮೇಜಿನ ಗೆರೆ, ಇನ್ನೊಂದರಲ್ಲಿ ನೀಲಿ ಮಖಮಲ್ಲು. ಒಂದು ಫೋಟೊದಲ್ಲಿ ಹೆಸರಿನ ಫಲಕದ ಎಡ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಪೆಟ್ಟು, ಮುಂದಿನದರಲ್ಲಿ ಆ ಮೂಲೆ ಹೊಸದರಂತೆ ನುಣುಪು. ಮೂರು ಬೇರೆ ಬೇರೆ ಕ್ಯಾಮೆರಾಗಳ ಫೋಟೊಗಳನ್ನು ಒಟ್ಟು ಹಾಕಿದ್ದ. ಹುಡುಗ ಅದರಲ್ಲಿ ಒಂದನ್ನು ಗೂಗಲ್ ಲೆನ್ಸಿಗೆ ಕೊಟ್ಟ. ಅದು ಎರಡು ವರ್ಷದ ಹಿಂದೆಯೇ ಬೇರೆ ದೇಶದಲ್ಲಿ ಮಾರಾಟವಾಗಿ ಹೋಗಿದ್ದ ಕ್ಯಾಮೆರಾದ ಚಿತ್ರ. ‘ದೊಡ್ಡಪ್ಪ, ಇದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ’ ಎಂದ. ಮೂವತ್ತೈದು ವರ್ಷ ಮದುಮಗಳಿಗೆ ‘ಗಲ್ಲ ಸ್ವಲ್ಪ ಎತ್ತಮ್ಮ, ಕಣ್ಣಲ್ಲಿ ದೀಪ ಕಾಣಬೇಕು’ ಎಂದು ಹೇಳಿದವನು ನಾನು. ಲೆನ್ಸಿನ ಕಣ್ಣಲ್ಲಿ ಯಾವ ದೀಪ ಇದೆ ಎಂದು ನೋಡಿರಲಿಲ್ಲ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಯಾರೇ ಆಗಲಿ, ಕದಿಯಲಾಗದ ಒಂದು ಫೋಟೊ ಕೇಳುತ್ತೇನೆ. ಕ್ಯಾಮೆರಾದ ಹಿಂಬಾಗಿಲು ತೆರೆದಿರಬೇಕು, ಒಳಗೆ ನನ್ನ ಹೆಸರೂ ಅಂದಿನ ತಾರೀಖೂ ಬರೆದ ಚೀಟಿ ಇರಬೇಕು. ಇಂಥ ಚಿತ್ರ ಅಂತರ್ಜಾಲದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಚೀಟಿಯನ್ನೂ ಅಂಟಿಸಿಬಿಡುತ್ತದೆ ಎಂದು ನೀವು ಹೇಳುತ್ತೀರಿ. ಸರಿ, ಅದಕ್ಕೇ ವಿಡಿಯೋ ಕರೆ ಮಾಡಿ. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ ಎನ್ನಿ. ಒಳಗಿನ ಹಲ್ಲುಚಕ್ರ ಗಿರ್ರೆಂದು ಓಡಿ ನಿಲ್ಲುವ ಸದ್ದು ಕೇಳಿಸುತ್ತದೆ. ಎಣ್ಣೆ ಒಣಗಿದ್ದರೆ ಸದ್ದು ನಡುವೆ ಎಡವುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಡಿಸಿ. ಮಲೆನಾಡಿನ ಕಡೆಯಿಂದ ಬಂದದ್ದಾದರೆ ಜೇಡರಬಲೆಯಂಥ ಬೂಷ್ಟು ಕಾಣುವ ಸಂಭವ ಹೆಚ್ಚು. ಪ್ರಾಮಾಣಿಕ ಮಾರಾಟಗಾರ ಇದಕ್ಕೆಲ್ಲ ಗೊಣಗಿಕೊಂಡಾದರೂ ಒಪ್ಪುತ್ತಾನೆ. ಮೋಸಗಾರನ ಮನೆಯಲ್ಲಿ ಆ ಹೊತ್ತಿಗೆ ಯಾರಿಗಾದರೂ ಹುಷಾರು ತಪ್ಪುತ್ತದೆ.

ಇದು ಕ್ಯಾಮೆರಾವೇ ಇಲ್ಲದ ಮೋಸ. ಇನ್ನೊಂದು ಬಗೆ ಇದಕ್ಕಿಂತ ಸ್ವಾರಸ್ಯವಾದದ್ದು. ಅಲ್ಲಿ ಕ್ಯಾಮೆರಾ ಇರುತ್ತದೆ, ಮನೆಗೂ ಬರುತ್ತದೆ.

ಹೋದ ವರ್ಷ ಹರಿಹರದಿಂದ ಒಬ್ಬ ಯುವಕ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಚಿನ್ನದ ಬಣ್ಣದ ಲೈಕಾ, ಹಾವಿನ ಚರ್ಮದಂಥ ಹೊದಿಕೆ, ತಲೆಯ ಮೇಲೆ ಜರ್ಮನ್ ವಾಯುಪಡೆಯ ಹದ್ದು. ಪೂರ್ವ ಯುರೋಪಿನ ಮಾರಾಟಗಾರನಿಂದ ಇಪ್ಪತ್ತೇಳು ಸಾವಿರಕ್ಕೆ ಹರಾಜಿನಲ್ಲಿ ಹಿಡಿದದ್ದು. ‘ಸರ್, ಇದಕ್ಕೆ ಎಷ್ಟು ಬರಬಹುದು?’ ಎಂದ. ಅವನ ಕಣ್ಣಿನಲ್ಲಿ ಹೊಸ ಮನೆಯ ಪಾಯ ಕಾಣುತ್ತಿತ್ತು.

ಚಿನ್ನದ ಲೇಪದ ಲೈಕಾ ಇತಿಹಾಸದಲ್ಲಿ ಇಲ್ಲದ್ದೇನಲ್ಲ. ‘ಲಕ್ಸಸ್’ ಎಂಬ ಹೆಸರಿನಲ್ಲಿ ಸುಮಾರು 1930ರ ಹೊತ್ತಿಗೆ ನೂರರೊಳಗೆ ಮಾಡಿದ್ದರು. ವಾಯುಪಡೆಯ ಮುದ್ರೆ ಇರುವ ಅಸಲಿ ಲೈಕಾಗಳೂ ಇವೆ. ಅಸಲಿ ಇರುವುದರಿಂದಲೇ ನಕಲಿಗೆ ಬೆಲೆ. ಆದರೆ ಲಕ್ಸಸ್ ಎನ್ನುವುದು ಮೊದಲನೇ ಮಾದರಿಯ ಲೈಕಾ. ದೂರ ಅಳೆಯುವ ರೇಂಜ್‌ಫೈಂಡರ್ ಅದರ ಮೈಯಲ್ಲಿ ಇಲ್ಲ. ಈ ಹುಡುಗನ ಕ್ಯಾಮೆರಾದ ಹಣೆಯ ಮೇಲೆ ಮೂರು ಕಿಟಕಿ, ಅಂದರೆ ರೇಂಜ್‌ಫೈಂಡರ್ ಇದೆ. ಅಲ್ಲಿಗೆ ಮುಕ್ಕಾಲು ಪಾಲು ಉತ್ತರ ಸಿಕ್ಕಿತು. ಉಳಿದ ಕಾಲು ಪಾಲಿಗೆ ಲೆನ್ಸ್ ತಿರುಗಿಸಿ ಬಿಚ್ಚಿದೆ. ಒಳಗೆ, ಮೇಲ್ಭಾಗದಲ್ಲಿ, ಲೆನ್ಸಿನ ಹಿಂಬದಿಯನ್ನು ಮುಟ್ಟುವ ಒಂದು ಪುಟ್ಟ ತೋಳು ಇರುತ್ತದೆ. ಲೈಕಾದಲ್ಲಿ ಆ ತೋಳಿನ ತುದಿಗೆ ಉರುಳುವ ಒಂದು ಸಣ್ಣ ಗಾಲಿ ಇರುತ್ತದೆ. ಇದರಲ್ಲಿ ಗಾಲಿ ಇಲ್ಲ, ಬೆಣೆಯ ಹಾಗೆ ಚೂಪಾದ ತಗಡಿನ ತುಂಡು.

ಆ ಬೆಣೆ ಸೋವಿಯತ್ ಕಡೆಯ ಗುರುತು. 1932ರ ಎರಡನೇ ಮಾದರಿಯ ಲೈಕಾವನ್ನು ನೋಡಿಕೊಂಡು ಸೋವಿಯತ್ ಒಕ್ಕೂಟದವರು 1934ರಿಂದ ಖಾರ್ಕಿವ್ ಊರಿನಲ್ಲಿ ಫೆಡ್ ಎಂಬ ಕ್ಯಾಮೆರಾ ಮಾಡತೊಡಗಿದರು. ಯುದ್ಧ ಮುಗಿದ ಮೇಲೆ 1948ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಊರಿನಲ್ಲಿ ಜೋರ್ಕಿ ಬಂತು. ಲಕ್ಷಗಟ್ಟಲೆ ತಯಾರಾದ, ಗಟ್ಟಿಮುಟ್ಟಾದ ಕ್ಯಾಮೆರಾಗಳು ಅವು. ಒಕ್ಕೂಟ ಒಡೆದ ಮೇಲೆ ಯಾರ ಯಾರದೋ ಕಾರ್ಖಾನೆಯಲ್ಲಿ ಅವುಗಳ ಹಣೆಬರಹವನ್ನು ಅಕ್ಷರಶಃ ಉಜ್ಜಿ ತೆಗೆದು, ಲೈಕಾ ಎಂದು ಕೊರೆದು, ಚಿನ್ನದ ನೀರು ಕುಡಿಸಿ ಜಗತ್ತಿಗೆಲ್ಲ ಮಾರಿದರು. ಈ ಹುಡುಗನ ಮಾರಾಟಗಾರ ಇನ್ನೂ ಜಾಣ. ವಿವರವನ್ನು ಕೊನೆಯವರೆಗೆ ಇಳಿಸಿಕೊಂಡು ಹೋದರೆ ಸಾಗಾಣಿಕೆ ವೆಚ್ಚದ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಪ್ರತಿಕೃತಿ’ ಎಂಬ ಒಂದು ಪದ ಇತ್ತು. ದೂರು ಕೊಟ್ಟರೆ ‘ನಾನು ಹೇಳಿದ್ದೇನಲ್ಲ’ ಎನ್ನುತ್ತಾನೆ. ಹುಡುಗ ಅಲ್ಲಿಯವರೆಗೆ ಇಳಿದೇ ಇರಲಿಲ್ಲ.

ಫೋಟೊದಲ್ಲಿ ಬೆಣೆ ಕಾಣುವುದಿಲ್ಲ ಎನ್ನುತ್ತೀರಿ. ಹೌದು, ಅದಕ್ಕೇ ಲೆನ್ಸ್ ಬಿಚ್ಚಿದ ಫೋಟೊ ಕೇಳಬೇಕು. ಹೀಗೆ ಒಂದೊಂದು ಜಾತಿಯ ಕ್ಯಾಮೆರಾಕ್ಕೂ ಒಂದೊಂದು ಮರ್ಮಸ್ಥಾನ ಇದೆ. ಲೈಕಾ ಎಂ 3 ಬಂದದ್ದು 1954ರಲ್ಲಿ, ಅದರ ಸಂಖ್ಯೆಗಳು ಏಳು ಲಕ್ಷದಿಂದ ಶುರುವಾಗುತ್ತವೆ. ಆರು ಲಕ್ಷದ ಸಂಖ್ಯೆ ಹೊತ್ತ ಎಂ 3 ಕಂಡರೆ ಮುಂದಕ್ಕೆ ಹೋಗಿ. ಕಪ್ಪು ಬಣ್ಣದ ಎಂ 3ಗೆ ಬೆಳ್ಳಿಯ ಬಣ್ಣದ್ದಕ್ಕಿಂತ ಎಷ್ಟೋ ಪಟ್ಟು ಬೆಲೆ, ಆದ್ದರಿಂದ ಬೆಳ್ಳಿಯದಕ್ಕೆ ಕಪ್ಪು ಬಳಿಯುವವರಿದ್ದಾರೆ. ನನಗೆ ತುಂಬ ಇಷ್ಟವಾದದ್ದು ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕಂಪನಿಯ ಗುಟ್ಟು. ಅವರು ತಮ್ಮ ಕ್ಯಾಮೆರಾದ ಸಂಖ್ಯೆಯ ಮುಂದೆ ಎರಡು ಅಕ್ಷರ ಹಾಕುತ್ತಿದ್ದರು. ವಿ, ಎಚ್, ಪಿ, ಐ, ಸಿ, ಟಿ, ಯು, ಆರ್, ಇ, ಎಸ್ — ಈ ಹತ್ತು ಅಕ್ಷರಗಳು ಕ್ರಮವಾಗಿ ಒಂದರಿಂದ ಒಂಬತ್ತು, ಕೊನೆಯದು ಸೊನ್ನೆ. ಮುಂದಿನ ವಿ, ಎಚ್ ಬಿಟ್ಟರೆ ‘ಪಿಕ್ಚರ್ಸ್’ ಎಂದು ಓದಬಹುದು, ಮರೆಯುವುದಿಲ್ಲ. ಟಿ ಐ ಎಂದಿದ್ದರೆ ಆರು, ನಾಲ್ಕು, ಅಂದರೆ 1964. ಒಬ್ಬ ಮಹಾನುಭಾವ ‘1957ರ ಮೊದಲ ತಂಡದ 500 ಸಿ’ ಎಂದು ಬರೆದು, ಫೋಟೊದಲ್ಲಿ ಟಿ ಐ ತೋರಿಸಿ, ದುಪ್ಪಟ್ಟು ಬೆಲೆ ಕೇಳುತ್ತಿದ್ದ. ಅದೇ ಕ್ಯಾಮೆರಾದ ಹಿಂದಿನ ಫಿಲ್ಮ್ ಡಬ್ಬಿಯ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಒಳಗಿನ ಪಟ್ಟಿಯ ಮೇಲೂ ಇರಬೇಕು. ಹೊಂದದಿದ್ದರೆ ಜೋಡಿ ಬದಲಾಗಿದೆ ಎಂದು ಅರ್ಥ. ಅದು ಮೋಸವೇ ಆಗಬೇಕಿಲ್ಲ, ಚೌಕಾಸಿಗೆ ಒಳ್ಳೆಯ ಕಾರಣ. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ ನಾನು ‘ಪರೀಕ್ಷಿಸಿದೆ, ಕೆಟ್ಟಿದೆ’ ಎಂದೇ ಓದಿಕೊಳ್ಳುತ್ತೇನೆ.

ಮಾರುವವನ ಜಾತಕವನ್ನೂ ನೋಡಿ. ಎಂಟುನೂರು ಮೆಚ್ಚುಗೆ ಇದೆ ಎಂದು ಮರುಳಾಗಬೇಡಿ, ಯಾವುದಕ್ಕೆ ಬಂದ ಮೆಚ್ಚುಗೆ ಎಂದು ತೆರೆದು ಓದಿ. ಎರಡು ವರ್ಷದ ಹಿಂದಿನವರೆಗೆ ಮಕ್ಕಳ ಅಂಗಿ ಮಾರುತ್ತಿದ್ದ ಖಾತೆ ಈ ವಾರ ಇದ್ದಕ್ಕಿದ್ದಂತೆ ಇಪ್ಪತ್ತು ಲೈಕಾ ಹರಾಜಿಗಿಟ್ಟರೆ, ಆ ಖಾತೆಯನ್ನು ಯಾರೋ ಕದ್ದಿದ್ದಾರೆ. ಕೂಗುವವರನ್ನೂ ಗಮನಿಸಿ. ಒಬ್ಬನೇ ಮಾರಾಟಗಾರನ ಎಲ್ಲ ವಸ್ತುಗಳ ಬೆಲೆ ಏರಿಸಿ, ಯಾವುದನ್ನೂ ಕೊಳ್ಳದೆ ಹೋಗುವ ಕೂಗುಗಾರ ಅವನ ಮನೆಯವನೇ. ಜಾತ್ರೆಯಲ್ಲಿ ಎತ್ತಿಗೆ ಸುಳ್ಳು ಗಿರಾಕಿ ನಿಲ್ಲಿಸುವುದನ್ನು ನಾವು ನೋಡಿಲ್ಲವೇ? ಹರಾಜಿನಲ್ಲಿ ಸೋತ ಮೇಲೆ ‘ಗೆದ್ದವರು ಹಣ ಕಟ್ಟಲಿಲ್ಲ, ನಿಮಗೇ ಕೊಡುತ್ತೇನೆ’ ಎಂದು ಹೊರಗಿನಿಂದ ಮಿಂಚಂಚೆ ಬರುತ್ತದೆ. ನಿಜವಾದ ಅವಕಾಶವಾದರೆ ಅದು ಹರಾಜು ತಾಣದ ನಿಮ್ಮ ಖಾತೆಯೊಳಗೇ ಕಾಣಬೇಕು. ತಾಣದ ಹೊರಗೆ ಹಣ ಕೊಟ್ಟ ಕ್ಷಣವೇ ಅದರ ರಕ್ಷಣೆಯನ್ನೂ ಕಳೆದುಕೊಳ್ಳುತ್ತೀರಿ. ನಾನು ಕಳೆದುಕೊಂಡದ್ದೂ ಹಾಗೆಯೇ.

ಹಣದ ವಿಷಯ ಬೇಗ ಮುಗಿಸುತ್ತೇನೆ, ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಮುಂಗಡ ವಾಪಸ್ ಮಾಡುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಎರಡನೇ ಸಲ ಸುಲಿಯುತ್ತಿದ್ದಾನೆ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ಮಧ್ಯದ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಸಿಇಎನ್ ಠಾಣೆಗೂ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೂ ಹೋಗಿ. ಹೋಗುವಾಗ ಜಾಹೀರಾತಿನ, ಸಂದೇಶಗಳ ಸ್ಕ್ರೀನ್‌ಶಾಟ್, ಹಣ ಹೋದ ವಹಿವಾಟಿನ ಸಂಖ್ಯೆ ಜೊತೆಗಿರಲಿ, ಏಕೆಂದರೆ ಜಾಹೀರಾತು ಮರುದಿನ ಇರುವುದಿಲ್ಲ. ಸೋಗು ಹಾಕಿ ಆನ್‌ಲೈನಿನಲ್ಲಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66 ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ನಾನು ನಾಚಿಕೆಯಿಂದ ಆರು ದಿನ ತಮ್ಮನ ಮಗನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಆರು ದಿನದಲ್ಲಿ ನನ್ನ ಹಣ ಎಷ್ಟು ಖಾತೆ ದಾಟಿತೋ ದೇವರೇ ಬಲ್ಲ.

ಹರಿಹರದ ಹುಡುಗ ಆ ಚಿನ್ನದ ಲೈಕಾವನ್ನು ನನ್ನ ಬಳಿಯೇ ಬಿಟ್ಟು ಹೋದ, ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು. ನಾನು ಅದಕ್ಕೆ ಒಂದು ರೋಲ್ ಹಾಕಿ ಕುಂದವಾಡ ಕೆರೆಯ ಏರಿಯ ಮೇಲೆ ಓಡಾಡಿದೆ. ಚಿತ್ರಗಳು ಚೆನ್ನಾಗಿಯೇ ಬಂದಿವೆ, ಚಿನ್ನದ ನೀರಿನ ಒಳಗಿರುವ ಜೋರ್ಕಿಯ ಮೇಲೆ ನನಗೇನೂ ಸಿಟ್ಟಿಲ್ಲ. ಈಗ ಅದು ಆ ಮೇಜಿನ ಮೇಲಿದೆ. ಪಕ್ಕದಲ್ಲಿರುವುದು ಗೆಳೆಯರೊಬ್ಬರು ಕೊಟ್ಟು ಕಳುಹಿಸಿದ ಅಸಲಿ ಲೈಕಾ. ಟಾರ್ಚ್ ಇಟ್ಟಿದ್ದೇನೆ. ಎರಡರ ಲೆನ್ಸನ್ನೂ ಬಿಚ್ಚಿದ್ದೇನೆ, ಸಾಲಾಗಿ ಬಂದು ಒಳಗೆ ಇಣುಕಿ ಗಾಲಿ ಯಾವುದು, ಬೆಣೆ ಯಾವುದು ನೋಡಿಕೊಂಡು ಹೋಗಿ. ಕೈಯಲ್ಲಿ ಮಿರ್ಚಿ ಎಣ್ಣೆ ಇದ್ದರೆ ಒರೆಸಿಕೊಂಡು ಬನ್ನಿ. ಮತ್ತೆ, ಜೋರ್ಕಿಯನ್ನು ಮೊದಲು ವೈಂಡ್ ಮಾಡದೆ ವೇಗದ ಗುಂಡಿ ತಿರುಗಿಸಬೇಡಿ, ಕೆಟ್ಟರೆ ರಿಪೇರಿ ಮಾಡುವವನು ಈ ಊರಿನಲ್ಲಿ ನಾನೊಬ್ಬನೇ ಉಳಿದಿದ್ದೇನೆ.