ಮನೆ ಮಾರುವ ಮುನ್ನ: ಮೊದಲು ನೀರು, ಆಮೇಲೆ ಬಣ್ಣ

ಕೇಳುಗರಿಗೆ ನಮಸ್ಕಾರ.

ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಗಿದೆ, ಇದನ್ನು ಮಾರಿ ಚಿಕ್ಕದೊಂದು ಫ್ಲ್ಯಾಟಿಗೆ ಹೋಗೋಣ ಅಂತ ತೀರ್ಮಾನಿಸಿದ್ದೀರಿ. ಮೈಸೂರು, ಹಾಸನ, ತುಮಕೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಇವತ್ತಿನ ಮಾತು ನಿಮಗಾಗಿ.

ಮನೆ ಮಾರಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕರೆಸುವುದು ಪೇಂಟರನ್ನು. ದಯವಿಟ್ಟು ಕರೆಸಬೇಡಿ. ಅವರ ಸರದಿ ಕಟ್ಟಕಡೆಗೆ. ಮನೆಯಲ್ಲಿ ನೀರು ಎಲ್ಲಿ ನಿಲ್ಲುತ್ತಿದೆ, ಎಲ್ಲಿ ಜಿನುಗುತ್ತಿದೆ, ಯಾವ ಗೋಡೆ ಕುಡಿಯುತ್ತಿದೆ, ಅದನ್ನು ಮೊದಲು ಹುಡುಕಿ. ಮೊದಲು ನೀರು, ಆಮೇಲೆ ಬಣ್ಣ. ಈ ಹದಿನೈದು ನಿಮಿಷದಲ್ಲಿ ಇದೊಂದೇ ಮಾತು ನಿಮ್ಮ ನೆನಪಿನಲ್ಲಿ ಉಳಿದರೂ ಸಾಕು.

ಯಾಕೆ ಅಂತೀರಾ? ಮನೆ ನೋಡಲು ಬಂದವರಿಗೆ ಗೋಡೆಯ ಬಣ್ಣ ಹಿಡಿಸದಿದ್ದರೆ ಬೇರೆ ಬಣ್ಣ ಹೊಡೆಸಿಕೊಳ್ಳುತ್ತೇವೆ ಅಂದುಕೊಳ್ಳುತ್ತಾರೆ. ಅದೇ ಸೀಲಿಂಗಿನಲ್ಲಿ ಕಂದು ಬಣ್ಣದ ಒಂದು ಕಲೆ ಕಂಡರೆ ಅವರ ಅನುಮಾನ ತಾರಸಿಗೆ ಹೋಗುತ್ತದೆ, ಕಬ್ಬಿಣಕ್ಕೆ ಹೋಗುತ್ತದೆ, ಪಾಯದವರೆಗೂ ಹೋಗುತ್ತದೆ. ಅಷ್ಟನ್ನೂ ಲೆಕ್ಕ ಹಾಕಿ ಬೆಲೆ ಇಳಿಸುತ್ತಾರೆ. ರಿಪೇರಿಗೆ ಆಗುವ ಖರ್ಚಿಗಿಂತ ಅವರು ಕೇಳುವ ಕಡಿತ ಸಾಮಾನ್ಯವಾಗಿ ದೊಡ್ಡದು.

ಒಂದು ಮನೆಯ ವಿಷಯ ಹೇಳುತ್ತೇನೆ, ಮೈಸೂರಿನದು. ಹಾಲಿನ ಒಂದು ಗೋಡೆ ಮಂಡಿ ಎತ್ತರದವರೆಗೆ ಉಬ್ಬಿ, ಬಿಳಿ ಪುಡಿ ಉದುರುತ್ತಿತ್ತು. ಮನೆಯವರು ಅದನ್ನು ಕೆರೆಸಿ, ಪುಟ್ಟಿ ಹಾಕಿಸಿ, ತೇವ ತಡೆಯುತ್ತದೆ ಅಂತ ಅಂಗಡಿಯವರು ಕೊಟ್ಟ ದುಬಾರಿ ಬಣ್ಣ ಹೊಡೆಸಿದರು. ಗೋಡೆ ಲಕಲಕ ಅನ್ನುತ್ತಿತ್ತು. ಮುಂದಿನ ವಾರ ಮನೆ ನೋಡಲು ಒಂದು ಕುಟುಂಬ ಬಂತು, ಜೊತೆಯಲ್ಲಿ ಅವರ ಮನೆಯ ಅಜ್ಜಿ. ಎಲ್ಲರೂ ಅಡುಗೆಮನೆ ನೋಡುತ್ತಿದ್ದರೆ ಅಜ್ಜಿ ಸೋಫಾದ ಹಿಂದೆ ಹೋಗಿ ಅಂಗೈ ತಿರುವಿ ಗೋಡೆಗೆ ಒತ್ತಿದರು. ತಣ್ಣಗಿತ್ತು. "ಇದರ ಆಚೆ ಬಚ್ಚಲಾ ತಾಯಿ?" ಅಂತ ಕೇಳಿದರು. ಹೌದು, ಬಚ್ಚಲೇ. ಮಾತು ಅಲ್ಲಿಗೇ ನಿಂತಿತು.

ಆಮೇಲೆ ಆ ಮನೆಯವರು ಮಾಡಿದ ಕೆಲಸ ನೀವೂ ಮಾಡಬಹುದು, ದುಡ್ಡೇನೂ ಬೇಕಿಲ್ಲ. ರಾತ್ರಿ ಮಲಗುವ ಮುಂಚೆ ಮನೆಯ ಎಲ್ಲ ನಲ್ಲಿಗಳನ್ನೂ ಬಂದ್ ಮಾಡಿ, ಮೋಟಾರ್ ಹಾಕದೆ, ತಾರಸಿಯ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿದರು. ಬೆಳಿಗ್ಗೆ ಮಟ್ಟ ಇಳಿದಿರಲಿಲ್ಲ. ಅಂದರೆ ಟ್ಯಾಂಕಿನಿಂದ ಇಳಿಯುವ ಪೈಪು ಸೋರುತ್ತಿಲ್ಲ. ಇಷ್ಟು ಗೊತ್ತಾದ ಮೇಲೆ ಗೋಡೆ ಒಡೆದು ಪೈಪು ಹುಡುಕುವ ಕೆಲಸ ತಪ್ಪಿತು. ಎರಡನೆಯದಾಗಿ, ಬಚ್ಚಲಿನ ನೀರು ಹೋಗುವ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆಯನ್ನು ಬಿಗಿಯಾಗಿ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಗೋಡೆಯ ಟೈಲ್ ಮೇಲೆ ಗೆರೆ ಎಳೆದರು. 24 ಗಂಟೆ ಕಳೆದು ನೋಡಿದರೆ ನೀರು ಅರ್ಧ ಇಂಚು ಇಳಿದಿತ್ತು. ಆವಿಯಾಗಿ ಹೋಗುವುದು ಎಳ್ಳಷ್ಟು, ಅರ್ಧ ಇಂಚಲ್ಲ. ನೆಲವೇ ಕುಡಿಯುತ್ತಿದೆ ಅಂತ ಸ್ಪಷ್ಟವಾಯಿತು. ನೀರು ಇಳಿಯದೆ ನಿಂತಿದ್ದರೆ ಆಗ ಅನುಮಾನ ಟ್ರ್ಯಾಪಿನ (ನೀರು ಹೋಗುವ ಬಾಯಿಯ ಕೆಳಗೆ ನೀರು ನಿಲ್ಲುವ ಬಟ್ಟಲಿನಂಥ ಭಾಗ) ಕೆಳಗಿನ ಪೈಪಿನ ಮೇಲೆ.

ನೆಲ ಯಾಕೆ ಕುಡಿಯಿತು? ವಾರವಾರವೂ ಆಸಿಡ್ ಹಾಕಿ ತೊಳೆದದ್ದಕ್ಕೆ. ಟೈಲಿಗೆ ಅಷ್ಟಾಗಿ ಏನೂ ಆಗುವುದಿಲ್ಲ, ಆದರೆ ಟೈಲಿನ ಸಂದಿಯಲ್ಲಿರುವುದು ಸಿಮೆಂಟು. ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ವರ್ಷಗಟ್ಟಲೆ ತಿಂದು ತಿಂದು ಟ್ರ್ಯಾಪಿನ ಸುತ್ತಲ ಸಂದಿ ಟೊಳ್ಳಾಗಿತ್ತು. ಸ್ನಾನ ಮಾಡಿದಾಗಲೆಲ್ಲ ನೀರು ಆ ಸಂದಿಯಿಂದ ಇಳಿದು, ಹಾಲಿನ ಗೋಡೆಯ ಬುಡ ಸೇರಿ, ಇಟ್ಟಿಗೆಯಲ್ಲಿ ಮೇಲಕ್ಕೆ ಏರುತ್ತಿತ್ತು. ಏರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರುತ್ತದೆ, ಉಪ್ಪು ಗಾರೆಯ ಒಳಗೆ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಎಷ್ಟು ದುಬಾರಿ ಬಣ್ಣವಾದರೂ ಅದರ ಮುಂದೆ ನಿಲ್ಲುವುದಿಲ್ಲ.

ರಿಪೇರಿ ಹೀಗೆ. ಟ್ರ್ಯಾಪಿನ ಸುತ್ತ ಮೂರು ಇಂಚು ಒಡೆದು, ಒಣಗಿದಾಗ ಕುಗ್ಗದ ಗ್ರೌಟ್, ಅಂದರೆ ಸಂದಿ ತುಂಬುವ ಗಾರೆ, ತುಂಬಿಸಿ. ನೆಲದ ಟೈಲಿನ ಸಂದಿಗಳನ್ನು 2–3 ಮಿಲಿಮೀಟರ್ ಆಳಕ್ಕೆ ಕೆರೆಸಿ ಎಪಾಕ್ಸಿ ಗ್ರೌಟ್ ಹಾಕಿಸಿ. ಮತ್ತೆ ಒಂದು ಇಂಚು ನೀರು ನಿಲ್ಲಿಸಿ ನೋಡಿ. ನಿಂತಿತಾ? ಹಾಗಿದ್ದರೆ ಮಾತ್ರ ಹಾಲಿನ ಗೋಡೆಗೆ ಕೈ ಹಾಕಿ. ತೇವ ಕಾಣುವ ಗೆರೆಯಿಂದ ಒಂದು ಅಡಿ ಮೇಲಿನವರೆಗೂ ಗಾರೆಯನ್ನು ಇಟ್ಟಿಗೆ ಕಾಣುವಂತೆ ತೆಗೆಸಿ. ಉಪ್ಪಿನ ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಕಿಟಕಿ ತೆಗೆದಿಟ್ಟು, ಫ್ಯಾನ್ ಹಾಕಿ, ಮೂರು ನಾಲ್ಕು ವಾರ ಸುಮ್ಮನೆ ಬಿಡಿ.

ಒಣಗಿದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹೊಂದಿಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಮಾರನೇ ದಿನ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಒಣಗಿದ್ದರೆ ಹೊಸ ಗಾರೆ ಹಾಕಿಸಿ: ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಜೊತೆಗೆ ವಾಟರ್‌ಪ್ರೂಫಿಂಗ್ ದ್ರಾವಣ. ಸಾಮಾನ್ಯವಾಗಿ 50 ಕಿಲೋ ಸಿಮೆಂಟು ಚೀಲಕ್ಕೆ 200 ಮಿಲಿ, ಡಬ್ಬಿಯ ಮೇಲೆ ಬರೆದಿರುತ್ತದೆ. ಮೇಸ್ತ್ರಿಗಳು ಕೈಯಂದಾಜಿನಲ್ಲಿ ಸುರಿಯಲು ಬಿಡಬೇಡಿ. ಏಳು ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಗಾರೆಯನ್ನು ಒದ್ದೆಯಾಗಿಡುವುದು. ಹಾಕಿದ ದಿನದಿಂದ 28 ದಿನ ಆಗುವವರೆಗೂ ಬಣ್ಣದ ಮಾತೇ ಬೇಡ. ಬೇಗ ಮುಗಿಯಲಿ ಅಂತ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿಸುವವರಿದ್ದಾರೆ. ತೇವ ತಗುಲಿದರೆ ಅದು ಮೆತ್ತಗಾಗಿ ಉದುರುತ್ತದೆ. ಬೇಡವೇ ಬೇಡ.

ಲೆಕ್ಕ ಹಾಕಿದರೆ ಎರಡು ಎರಡೂವರೆ ತಿಂಗಳ ಕೆಲಸ. ಅದಕ್ಕೇ ಹೇಳುವುದು, ಸಂಕ್ರಾಂತಿಗೆ ಶುರು ಮಾಡಿ, ಯುಗಾದಿ ಹೊತ್ತಿಗೆ ಮುಗಿಸಿ. ಮಳೆಯಿಲ್ಲದ ದಿನಗಳು, ಗೋಡೆ ಚೆನ್ನಾಗಿ ಒಣಗುತ್ತದೆ. ಯುಗಾದಿಯಿಂದ ಆಷಾಢದವರೆಗೆ ಮನೆ ನೋಡುವವರು ಬರುತ್ತಾರೆ. ಆಷಾಢದಲ್ಲಿ ಬರುವವರು ಕಡಿಮೆ, ಮುಂಗಡ ಕೊಡುವವರು ಇನ್ನೂ ಕಡಿಮೆ.

ತಾರಸಿಗೂ ಇದೇ ಕ್ರಮ. ನಾಲ್ಕು ಬಿಂದಿಗೆ ನೀರು ಸುರಿದು, ಎಲ್ಲಿ ನಿಲ್ಲುತ್ತದೆ ನೋಡಿ. ನೀರು ಹೋಗುವ ಕಡೆಗೆ ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಇರಬೇಕು. ಹೆಚ್ಚಿನ ಸೋರಿಕೆ ತಾರಸಿಯ ನಡುವೆ ಇರುವುದಿಲ್ಲ, ಕೈಪಿಡಿ ಗೋಡೆ (ಪ್ಯಾರಾಪೆಟ್) ತಾರಸಿಗೆ ಸೇರುವ ಮೂಲೆಯಲ್ಲಿ, ಮಳೆನೀರಿನ ಪೈಪಿನ ಬಾಯಲ್ಲಿ ಇರುತ್ತದೆ. ಸಜ್ಜಾ ಬಿರುಕು ಬಿಟ್ಟು ಕಂಬಿ ಕಾಣುತ್ತಿದ್ದರೆ ಮೇಲೆ ಸಿಮೆಂಟು ಮೆತ್ತಿ ಮುಚ್ಚಬೇಡಿ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಮೆತ್ತಿದ್ದನ್ನು ಮತ್ತೆ ಒಡೆಯುತ್ತದೆ. ಸಡಿಲವಾದದ್ದನ್ನೆಲ್ಲ ಉದುರಿಸಿ, ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಕಂಬಿಗೆ ತುಕ್ಕುನಿರೋಧಕ ಹಚ್ಚಿ, ಆಮೇಲೆ ಪಾಲಿಮರ್ ಸೇರಿಸಿದ ಗಾರೆ ಹಾಕಿಸಬೇಕು.

ಸಮಯ ಹತ್ತಿರ ಬರುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಬಣ್ಣ: ತಿಳಿಯಾದ ಒಂದೇ ಬಣ್ಣ, ಹಾಲಿಗೂ ಪ್ಯಾಸೇಜಿಗೂ. ಕೋಣೆಗೊಂದು ಬಣ್ಣ ಬೇಡ, ಮನೆ ಚಿಕ್ಕದಾಗಿ ಕಾಣುತ್ತದೆ. ಒಂದು ಕೋಣೆಯಲ್ಲಿ ಹಳದಿ ಬಲ್ಬು, ಬಿಳಿ ಬಲ್ಬು ಬೆರೆಸಬೇಡಿ.

ನೆಲ: ರೆಡ್ ಆಕ್ಸೈಡ್ ನೆಲ ಇದ್ದರೆ ನೀವು ಅದೃಷ್ಟವಂತರು, ಅದರ ಮೇಲೆ ಟೈಲ್ ಹಾಕಿಸಿ ಕೆಡಿಸಬೇಡಿ. ಒರೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಒಂದೆರಡು ಹನಿ ಹಾಕಿದ ಬಟ್ಟೆಯಿಂದ ಉಜ್ಜಿ. ಜಾರುವಷ್ಟು ಬೇಡ. ಮೊಸಾಯಿಕ್ ಆದರೆ ಮಷಿನ್ ಪಾಲಿಶ್. ಎರಡಕ್ಕೂ ಆಸಿಡ್ ತಾಕಿಸಬೇಡಿ.

ಗೆದ್ದಲು: ಚೌಕಟ್ಟಿನ ಮೇಲಿನ ಮಣ್ಣಿನ ಗೆರೆ ಒರೆಸಿದರೆ ಗೆದ್ದಲು ಹೋಗುವುದಿಲ್ಲ. ಔಷಧಿ ಹಾಕುವವರು ಗೋಡೆ ನೆಲ ಸೇರುವಲ್ಲಿ ಒಂದೊಂದು ಅಡಿಗೆ 12 ಮಿಲಿಮೀಟರ್ ತೂತು ಕೊರೆದು ಒಳಗೆ ಬಿಡಬೇಕು. ಮೇಲೆ ಸಿಂಪಡಿಸಿ ಹೊರಟರೆ ದುಡ್ಡು ಕೊಡಬೇಡಿ. ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಆಗಲೇ ತೋಪಡಾ ಹೊಡೆಸಿ ಹೆರೆಸಬೇಡಿ, ಬೇಸಿಗೆಯಲ್ಲಿ ಸಂದಿ ಬಿಡುತ್ತದೆ.

ಕಾಗದಪತ್ರ: ಕ್ರಯಪತ್ರ, ಖಾತೆ, ಇ.ಸಿ. (ಋಣಭಾರ ಪ್ರಮಾಣಪತ್ರ), ಈ ವರ್ಷದ ಕಂದಾಯದ ರಸೀದಿ, ನಕ್ಷೆ, ಇವೆಲ್ಲ ಒಂದೇ ಫೈಲಿನಲ್ಲಿ. ರಿಪೇರಿಯ ಬಿಲ್ಲುಗಳನ್ನೂ ಅದರಲ್ಲೇ ಇಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ನಿಮಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ತಿಳಿಸುವುದು ಮಾರುವವರ ಹೊಣೆ. ಆದ್ದರಿಂದ ಸೋರುತ್ತಿತ್ತು, ಹೀಗೆ ಸರಿಮಾಡಿಸಿದೆವು ಅಂತ ಬಾಯಿಬಿಟ್ಟು ಹೇಳಿ, ಬಿಲ್ಲು ತೋರಿಸಿ.

ಕೊನೆಯದಾಗಿ, ಬೀಗ ಹಾಕಿಟ್ಟ ಮನೆಯವರಿಗೆ. ಟ್ರ್ಯಾಪಿನಲ್ಲಿ ನಿಂತಿರುವ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು. ಮನೆ ಮುಚ್ಚಿದ್ದರೆ ಆ ನೀರು ಆರಿಹೋಗಿ ಬಾಗಿಲು ತೆಗೆದ ಕೂಡಲೇ ಗಬ್ಬು ಹೊಡೆಯುತ್ತದೆ. ನೋಡುವವರು ಬರುವ ಹಿಂದಿನ ದಿನವೇ ಹೋಗಿ, ಪ್ರತಿ ಬಚ್ಚಲಿಗೂ, ಅಡುಗೆಮನೆಯ ಸಿಂಕಿಗೂ ಎರಡೆರಡು ಚೊಂಬು ನೀರು ಹಾಕಿ, ಕಿಟಕಿಗಳನ್ನೆಲ್ಲ ತೆಗೆದಿಡಿ. ಅಗರಬತ್ತಿ, ಸೆಂಟು ಬೇಡ, ಏನನ್ನೋ ಮುಚ್ಚುತ್ತಿದ್ದಾರೆ ಅನ್ನಿಸುತ್ತದೆ. ಮನೆಗೆ ಬಿಸಿಲು ಬೀಳುವ ಹೊತ್ತಿಗೇ ಅವರನ್ನು ಬರಹೇಳಿ.

ನಮಸ್ಕಾರ.